ಒಂದು ಕ್ವಾರ್ಟರ್, ಒಂದು ಮಾತ್ರೆ: ಓದುಗರ ಪ್ರಶ್ನೆಗಳಿಗೆ ಡಾಕ್ಟ್ರಮ್ಮನ ಉತ್ತರ

ಕಳೆದ ಸಂಚಿಕೆಯಲ್ಲಿ ಬಿಪಿಗೂ ಗಂಡಸರ ಲೈಂಗಿಕ ತೊಂದರೆಗೂ ಇರುವ ನಂಟಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಕೇಳಿರುವುದು ಒಂದೇ: ನಿಮಿರು ದೌರ್ಬಲ್ಯದ ಮಾತ್ರೆ ತಗೊಂಡ ದಿನ ಗುಂಡು ಹಾಕಬಹುದಾ? ಹೆಸರು ಬರೆದವರು ಕಡಿಮೆ. ಕೆಲವರು ‘ನನ್ನ ಸ್ನೇಹಿತನೊಬ್ಬನಿಗೆ’ ಎಂದು ಶುರು ಮಾಡಿ ಎರಡನೇ ಪ್ಯಾರಾ ಹೊತ್ತಿಗೆ ‘ನನಗೆ’ ಎನ್ನುವಲ್ಲಿಗೆ ಬಂದುಬಿಟ್ಟಿದ್ದಾರೆ. ಪರವಾಗಿಲ್ಲ. ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಬಾಯಿಗೆ ಬರುವುದು ಹೆಂಡತಿ ಚೀಟಿ ಹಿಡಿದು ಔಷಧಿ ತರಲು ಹೊರಗೆ ಹೋದ ಮೇಲೆ, ಅದೂ ನೆಲ ನೋಡಿಕೊಂಡು. ಎದುರಿಗೆ ಕೂತ ಡಾಕ್ಟರ್ ಹೆಂಗಸಾದರೆ ಸಂಕೋಚ ಇನ್ನೊಂದು ಕೈ ಜಾಸ್ತಿ. ಹಾಗಾಗಿ ಈ ಸಲ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ವಯಸ್ಸು 49. ಹಾರ್ಡ್‌ವೇರ್ ಅಂಗಡಿ ಇದೆ. ಬಿಪಿಗೆ ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತೇನೆ. ಸ್ನೇಹಿತರೊಬ್ಬರು ಟಡಲಾಫಿಲ್ 20 ಕೊಟ್ಟಿದ್ದರು. ಶನಿವಾರ ರಾತ್ರಿ ಒಂದು ಕ್ವಾರ್ಟರ್ ವಿಸ್ಕಿ ಮುಗಿಸಿ ಅದನ್ನು ತಗೊಂಡೆ. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಎದ್ದವನು ವಾಶ್‌ಬೇಸಿನ್ ಮೇಲೆ ಬಿದ್ದು ಹುಬ್ಬು ಸೀಳಿ ಹೊಲಿಗೆ ಹಾಕಿಸಿಕೊಂಡೆ. ಮನೆಯವರು ‘ಕುಡಿದು ಬಿದ್ದ’ ಅಂತ ಮಾತು ಬಿಟ್ಟಿದ್ದಾರೆ. ಆದರೆ ಕ್ವಾರ್ಟರ್ ನನಗೆ ಹೊಸದಲ್ಲ, ಅಷ್ಟಕ್ಕೆಲ್ಲ ಬೀಳುವವನು ನಾನಲ್ಲ. ಬೀಳಿಸಿದ್ದು ಮಾತ್ರೆಯಾ, ಎಣ್ಣೆಯಾ? — ದಾವಣಗೆರೆ

ಉತ್ತರ: ಎರಡೂ ಸೇರಿ. ಅವೆರಡಕ್ಕೂ ನಿಮ್ಮ ಬಿಪಿ ಮಾತ್ರೆ ಕೈ ಜೋಡಿಸಿದೆ.

ಮೊದಲು ಈ ಮಾತ್ರೆಗಳ ಹುಟ್ಟು ನೋಡಿ. ವಯಾಗ್ರ ಅಂತ ನಾವೆಲ್ಲ ಕರೆಯುವ ಸಿಲ್ಡೆನಾಫಿಲ್ ಅನ್ನು ಫೈಜರ್ ಕಂಪನಿಯವರು ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಹುಡುಕಿದ್ದು ಎದೆನೋವಿಗೆ. ಹೃದಯದ ರಕ್ತನಾಳ ಹಿಗ್ಗಲಿ ಅಂತ ಕೊಟ್ಟರು, ಅಲ್ಲಿ ಅಂಥ ಫಲ ಸಿಗಲಿಲ್ಲ, ಬೇರೆ ಕಡೆ ಸಿಕ್ಕಿತು. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಬಂತು. ಟಡಲಾಫಿಲ್ 2003ರಲ್ಲಿ ಬಂದ ಅದರ ತಮ್ಮ. ಅಂದರೆ ಇವು ಮೂಲತಃ ರಕ್ತನಾಳ ಸಡಿಲಿಸುವ ಔಷಧಿಗಳು. ಪಿಡಿಇ-5 ಎಂಬ ಕಿಣ್ವವನ್ನು ತಡೆದು ನಾಳದ ಗೋಡೆಯ ಸ್ನಾಯು ಬಿಗಿಯಾಗದಂತೆ ನೋಡಿಕೊಳ್ಳುತ್ತವೆ. ಹೆಚ್ಚು ಕೆಲಸ ಸೊಂಟದ ಕೆಳಗೇ ನಡೆಯುತ್ತದೆ ನಿಜ, ಆದರೆ ಮೈಯ ಉಳಿದ ನಾಳಗಳೂ ಒಂದಿಷ್ಟು ಸಡಿಲವಾಗುತ್ತವೆ. ಮಾತ್ರೆ ತಗೊಂಡಾಗ ಮುಖ ಕೆಂಪಾಗುವುದು, ತಲೆ ಸಿಡಿಯುವುದು, ಮೂಗು ಕಟ್ಟುವುದು ಅದಕ್ಕೇ. ಮದ್ಯವೂ ನಾಳಗಳನ್ನು ಹಿಗ್ಗಿಸುತ್ತದೆ, ಜೊತೆಗೆ ಪದೇ ಪದೇ ಮೂತ್ರ ಮಾಡಿಸಿ ಮೈಯ ನೀರು ಇಳಿಸುತ್ತದೆ.

ಮಲಗಿದ್ದಾಗ ಇದ್ಯಾವುದೂ ಗೊತ್ತಾಗುವುದಿಲ್ಲ. ಎದ್ದು ನಿಂತ ಕೂಡಲೇ ರಕ್ತ ಕಾಲಿಗೆ ಇಳಿಯುತ್ತದೆ. ಬೇರೆ ದಿನವಾದರೆ ನಾಳಗಳು ತಕ್ಷಣ ಬಿಗಿದುಕೊಂಡು ರಕ್ತವನ್ನು ತಲೆಗೆ ದೂಡುತ್ತವೆ. ಆ ರಾತ್ರಿ ಅವು ಬಿಗಿಯುವ ಸ್ಥಿತಿಯಲ್ಲಿ ಇರಲಿಲ್ಲ. ಕಣ್ಣು ಕತ್ತಲೆ ಬಂದಿದ್ದು, ಬೇಸಿನ್ ಎದುರಾಗಿದ್ದು ಹಾಗೆ. ನೀವು ನಿಂತು ಮೂತ್ರ ಮಾಡುತ್ತಿದ್ದಾಗಲೋ ಮುಗಿಸಿದ ಕೂಡಲೋ ಬಿದ್ದಿದ್ದರೆ ಇನ್ನೊಂದು ಕಾರಣವೂ ಇದೆ: ತುಂಬಿದ ಮೂತ್ರಚೀಲ ಒಮ್ಮೆಲೇ ಖಾಲಿಯಾದಾಗ ಕೂಡ ಬಿಪಿ ಇಳಿಯುತ್ತದೆ.

ನಿಮ್ಮ ‘ಕ್ವಾರ್ಟರ್ ಹೊಸದಲ್ಲ’ ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ಅದೇ ಅಳತೆಯ ಮೇಲೆ ಪರೀಕ್ಷೆ ನಡೆದಿದೆ. ಟಡಲಾಫಿಲ್ ಕಂಪನಿಯವರೇ ಆರೋಗ್ಯವಂತರಿಗೆ ಮಾತ್ರೆಯ ಜೊತೆ ಮದ್ಯ ಕೊಟ್ಟು ನೋಡಿದ್ದಾರೆ. ದೇಹತೂಕದ ಒಂದು ಕೆಜಿಗೆ 0.7 ಗ್ರಾಂ ಆಲ್ಕೋಹಾಲ್. ಅಂದರೆ 80 ಕೆಜಿಯ ಗಂಡಸಿಗೆ ಶೇ. 40ರ ವೋಡ್ಕಾ ಸುಮಾರು 180 ಮಿಲಿ, ನಮ್ಮ ಕ್ವಾರ್ಟರೇ. ಕೆಲವರಿಗೆ ಎದ್ದು ನಿಂತಾಗ ತಲೆ ಸುತ್ತಿತು, ಬಿಪಿ ಗಮನಾರ್ಹವಾಗಿ ಇಳಿಯಿತು. 0.6 ಗ್ರಾಮಿಗೆ ಇಳಿಸಿದಾಗ ಬಿಪಿ ಹಾಗೆ ಬೀಳಲಿಲ್ಲ. ನಮ್ಮ ವಿಸ್ಕಿ, ಬ್ರಾಂದಿ ಶೇ. 42.8ರದ್ದು. ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಿಮ್ಮ ತೂಕ ಬರೆದಿಲ್ಲ. 65 ಕೆಜಿ ಅಂತ ಇಟ್ಟುಕೊಂಡರೂ ಕೆಜಿಗೆ 0.9 ದಾಟಿತು. ಪರೀಕ್ಷೆಯಲ್ಲಿ ತಲೆ ಸುತ್ತಿಸಿದ ಅಳತೆಗಿಂತ ಹೆಚ್ಚು, ಅದರ ಮೇಲೆ ನಿಮಗೆ ಬಿಪಿ ಮಾತ್ರೆ ಬೇರೆ. ದಿನಾ ಕುಡಿದು ರೂಢಿಯಾದವರಿಗೆ ಅಮಲು ಏರುವುದು ತಡವಾಗಬಹುದು. ರಕ್ತನಾಳಗಳಿಗೂ ಹಾಗೇ ರೂಢಿಯಾಗಿರುತ್ತದೆ ಎಂದು ನಂಬಿಕೊಂಡು ಮಾತ್ರೆ ನುಂಗಬೇಡಿ.

ಇನ್ನು ಸ್ನೇಹಿತರು ಕೊಟ್ಟ 20. ಟಡಲಾಫಿಲ್ 5, 10, 20 ಮಿಲಿಗ್ರಾಂಗಳಲ್ಲಿ ಬರುತ್ತದೆ. ಬೇಕಾದಾಗ ಮಾತ್ರ ತಗೊಳ್ಳುವವರಿಗೆ ಸಾಮಾನ್ಯವಾಗಿ 10ರಿಂದ ಶುರು ಮಾಡುತ್ತೇವೆ. ನಿಮಗೆ ಮೊದಲ ಸಲಕ್ಕೇ ಮೇಲ್ಮಿತಿ ಸಿಕ್ಕಿದೆ. ಇದರ ಪ್ರಭಾವ 36 ಗಂಟೆಯವರೆಗೂ ಇರುತ್ತದೆ. ಶನಿವಾರ ರಾತ್ರಿಯ ಮಾತ್ರೆ ಭಾನುವಾರ ಮಧ್ಯಾಹ್ನ ಬಾಡೂಟದ ಜೊತೆ ಬಿಯರ್ ಒಡೆಯುವಾಗಲೂ ಮೈಯಲ್ಲೇ ಇರುತ್ತದೆ. ‘ನಿನ್ನೆಯದು ನಿನ್ನೆಗೆ ಮುಗಿಯಿತು’ ಎಂದುಕೊಂಡು ಮೋಸ ಹೋಗುವವರು ಬಹಳ. ಸಿಲ್ಡೆನಾಫಿಲ್ ಬೇಗ ಇಳಿಯುತ್ತದೆ, ನಾಲ್ಕು ಗಂಟೆಗೆ ರಕ್ತದಲ್ಲಿ ಅರ್ಧವಾಗುತ್ತದೆ.

ಹಾಗಾದರೆ ಒಂದು ಪೆಗ್ಗೂ ಕೂಡದಾ ಅಂತ ಕೇಳುತ್ತೀರಿ. ಸುಳ್ಳು ಹೆದರಿಕೆ ಹುಟ್ಟಿಸುವುದು ನನ್ನ ಕೆಲಸವಲ್ಲ. ಸಿಲ್ಡೆನಾಫಿಲ್ 50 ಮಿಲಿಗ್ರಾಂ ಜೊತೆ ಆರೋಗ್ಯವಂತರಿಗೆ ಮದ್ಯ ಕೊಟ್ಟು ನೋಡಿದಾಗ, ರಕ್ತದಲ್ಲಿ ಆಲ್ಕೋಹಾಲ್ ಸರಾಸರಿ ಶೇ. 0.08 ಮುಟ್ಟಿದರೂ ಮದ್ಯವೊಂದೇ ಇಳಿಸುವುದಕ್ಕಿಂತ ಹೆಚ್ಚಿಗೆ ಬಿಪಿ ಇಳಿಯಲಿಲ್ಲ. ನಮ್ಮಲ್ಲಿ ಗಾಡಿ ಓಡಿಸಲು ಕಾನೂನು ಬಿಡುವುದು ಶೇ. 0.03, ಅದರ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು ಇದು. ಆದ್ದರಿಂದ ಬೇರೆ ಕಾಯಿಲೆ, ಬೇರೆ ಮಾತ್ರೆ ಇಲ್ಲದ ಗಂಡಸು ಊಟದ ಜೊತೆ 30 ಮಿಲಿ ಕುಡಿದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ನನಗೆ ಪತ್ರ ಬರೆಯುವವರಲ್ಲಿ ಆ ಗಂಡಸು ಸಿಗುವುದು ಅಪರೂಪ. ಮಾತ್ರೆ ಬೇಕಾಗುವ ವಯಸ್ಸಿಗೆ ಬಿಪಿಯೋ ಶುಗರೋ ಪ್ರಾಸ್ಟೇಟೋ ಒಂದಲ್ಲ ಒಂದು ಜೊತೆಗೆ ಬಂದಿರುತ್ತದೆ. ಮೂತ್ರ ಸಲೀಸಾಗಲಿ ಎಂದು ಕೊಡುವ ಟ್ಯಾಮ್ಸುಲೋಸಿನ್, ಬಿಪಿಗೆ ಕೊಡುವ ಪ್ರಜೋಸಿನ್ ಇವುಗಳ ಜೊತೆಯಂತೂ ಮದ್ಯ ಇಲ್ಲದಿದ್ದರೂ ಬಿಪಿ ಕುಸಿಯಬಹುದು. ನೀವು ನಿಮ್ಮ ಬಿಪಿ ಮಾತ್ರೆಯ ಹೆಸರು ಬರೆದಿಲ್ಲ. ಅದರ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿಸಿ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ, ಅದರಿಂದ ಬೇರೆಯದೇ ಅನಾಹುತ. ಅಲ್ಲಿಯವರೆಗೆ ಸ್ನೇಹಿತರ ಮಾತ್ರೆ ಸ್ನೇಹಿತರಿಗೇ ಇರಲಿ. ತಲೆಗೆ ಪೆಟ್ಟು ಬಿದ್ದಿದೆ. ಈಗಲೂ ತಲೆನೋವು, ವಾಂತಿ, ಮಂಕು ಇದ್ದರೆ ನನ್ನ ಉತ್ತರ ಓದಿ ಮುಗಿಸುವ ಮೊದಲೇ ಆಸ್ಪತ್ರೆಗೆ ಹೊರಡಿ.

ಮನೆಯವರ ವಿಷಯ: ಮಾತ್ರೆಯ ಸಂಗತಿ ಅವರಿಗೆ ಹೇಳಿದ್ದೀರೋ ಇಲ್ಲವೋ ಪತ್ರದಲ್ಲಿ ಇಲ್ಲ. ಇಲ್ಲ ಅಂತಲೇ ನನ್ನ ಊಹೆ. ಹೇಳಿ. ಮುಂದಿನ ಸಲ ಆಸ್ಪತ್ರೆಯಲ್ಲಿ ನಿಮ್ಮ ಪರವಾಗಿ ಬಾಯಿ ಬಿಡಬೇಕಾದವರು ಅವರೇ. ಯಾಕೆಂದು ಶಿವಮೊಗ್ಗದ ಪತ್ರಕ್ಕೆ ಬರೆದ ಉತ್ತರದಲ್ಲಿದೆ.

ಪ್ರಶ್ನೆ: 28 ವರ್ಷ, ಮದುವೆಯಾಗಿ ಎರಡು ತಿಂಗಳು. ಮೆಡಿಕಲ್ ಶಾಪಿನವರು ‘ಡಬಲ್ ಪವರ್, ಎರಡೂ ಕೆಲಸ ಮಾಡುತ್ತೆ’ ಅಂತ ಒಂದು ಮಾತ್ರೆ ಕೊಟ್ಟರು. ಎರಡು ಸ್ಟ್ರಾಂಗ್ ಬಿಯರ್ ಕುಡಿದು ತಗೊಂಡೆ. ಬೆವರು ಕಿತ್ತುಕೊಂಡು ಬಂತು, ವಾಕರಿಕೆ, ಮಂಚದಿಂದ ಏಳಲು ಹೋಗಿ ಕುಸಿದೆ. ಹೆಂಡತಿ ಹೆದರಿ ಅತ್ತಳು. ಹಾರ್ಟ್ ವೀಕಾ? — ಮಂಡ್ಯ

ಉತ್ತರ: ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿ. ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್ ಪಕ್ಕದಲ್ಲಿ ಡ್ಯಾಪಾಕ್ಸೆಟಿನ್ ಅಂತ ಇರುತ್ತದೆ, ‘ಎರಡೂ ಕೆಲಸ’ ಅಂದರೆ ಅದೇ. ಡ್ಯಾಪಾಕ್ಸೆಟಿನ್ ಶೀಘ್ರಸ್ಖಲನಕ್ಕೆ ಕೊಡುವ ಔಷಧಿ. ಅದೊಂದನ್ನೇ ತಗೊಂಡರೂ ಕೆಲವರು ತಲೆ ತಿರುಗಿ ಬೀಳುತ್ತಾರೆ, ಮದ್ಯದ ಜೊತೆ ತಗೊಳ್ಳಲೇಬಾರದು ಅಂತ ಅದರ ಮಾಹಿತಿಪತ್ರದಲ್ಲೇ ಇದೆ. ಮೊದಲೇ ಕೋತಿ, ಹೆಂಡ ಕುಡಿದಿತ್ತು, ಮೇಲೆ ಚೇಳೂ ಕುಟುಕಿತು ಅನ್ನುತ್ತಾರಲ್ಲ, ನಿಮ್ಮ ಆ ರಾತ್ರಿ ಅದೇ. 650 ಮಿಲಿಯ ಶೇ. 8ರ ಬಿಯರ್ ಎರಡು ಅಂದರೆ 80 ಗ್ರಾಮಿನಷ್ಟು ಆಲ್ಕೋಹಾಲ್. ‘ಬಿಯರ್ ತಾನೇ’ ಅಂದುಕೊಂಡಿದ್ದಿರಿ, ದಾವಣಗೆರೆಯವರ ಕ್ವಾರ್ಟರನ್ನೂ ಮೀರಿಸಿದ್ದೀರಿ.

ಹಾರ್ಟ್ ವೀಕ್ ಅಂತ ನೀವೇ ಷರಾ ಬರೆದುಕೊಳ್ಳಬೇಡಿ. ಒಂದು ಇಸಿಜಿ ಮಾಡಿಸಿ, ಬಿಪಿ ನೋಡಿಸಿ. ಕುಸಿದು ಬಿದ್ದವರಿಗೆ ಅಷ್ಟಾದರೂ ಆಗಬೇಕು. ಖಿನ್ನತೆಗೆ, ಆತಂಕಕ್ಕೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಡ್ಯಾಪಾಕ್ಸೆಟಿನ್ ಅವುಗಳಲ್ಲಿ ಎಷ್ಟೋ ಔಷಧಿಗಳ ಜೊತೆ ಕೂಡದು. ಮದುವೆಯಾದ ಹೊಸದರಲ್ಲಿ ಬೇಗ ಆಗುವುದು, ಕೆಲವೊಮ್ಮೆ ಆಗದೇ ಇರುವುದು ಎರಡೂ ಸಹಜ. ಇಬ್ಬರಿಗೂ ಒಬ್ಬರಿಗೊಬ್ಬರು ಇನ್ನೂ ಹೊಸಬರು. ಅದಕ್ಕೆ ಮಾತ್ರೆ ಬೇಕೋ ಬೇಡವೋ ತೀರ್ಮಾನಿಸುವವರು ಕೌಂಟರಿನ ಆಚೆ ನಿಂತವರಲ್ಲ. ಚೀಟಿ ಇಲ್ಲದೆ ಇವನ್ನು ಕೊಡುವಂತೆಯೇ ಇಲ್ಲ. ಕೊಡುತ್ತಾರೆ, ಗೊತ್ತು. ನಾನು ಸಿಟ್ಟಾಗುವುದು ನಿಮ್ಮ ಮೇಲಲ್ಲ.

ಪ್ರಶ್ನೆ: ಡಾಕ್ಟ್ರಮ್ಮ, ಯಾರ ಹತ್ತಿರ ಕೇಳುವುದೋ ತಿಳಿಯದೆ ಬರೆಯುತ್ತಿದ್ದೇನೆ. ನನ್ನ ಯಜಮಾನರಿಗೆ 58. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಎದೆ ಹಿಡಿದಂತಾದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಸಾರ್ಬಿಟ್ರೇಟ್ ಅಂಗಿ ಜೇಬಿನಲ್ಲೇ ಇರುತ್ತದೆ. ಮೊನ್ನೆ ಬಟ್ಟೆ ಒಗೆಯಲು ಹಾಕುವಾಗ ಪ್ಯಾಂಟಿನ ಜೇಬಿನಲ್ಲಿ ವಯಾಗ್ರ ಜಾತಿಯ ಮಾತ್ರೆ ಸಿಕ್ಕಿತು, ನಾಲ್ಕರಲ್ಲಿ ಎರಡು ಖಾಲಿ. ಕುಡಿತವನ್ನೂ ಪೂರ್ತಿ ಬಿಟ್ಟಿಲ್ಲ. ನಾನು ಕೇಳಿದರೆ ಮರ್ಯಾದೆ ಪ್ರಶ್ನೆ ಆಗುತ್ತದೆ. ಹಾಗೇ ಬಿಟ್ಟುಬಿಡಲಾ? — ಶಿವಮೊಗ್ಗ

ಉತ್ತರ: ಬಿಡಬೇಡಿ. ಇಷ್ಟು ಹೊತ್ತು ನಾನು ‘ಎಷ್ಟು ಕುಡಿದರೆ, ಎಷ್ಟು ತೂಕವಿದ್ದರೆ’ ಎಂದು ಲೆಕ್ಕ ಹಾಕಿದೆ. ನಿಮ್ಮ ಯಜಮಾನರ ವಿಷಯದಲ್ಲಿ ಲೆಕ್ಕವೇ ಇಲ್ಲ. ಅಂಗಿ ಜೇಬಿನ ಮಾತ್ರೆ ಮತ್ತು ಪ್ಯಾಂಟ್ ಜೇಬಿನ ಮಾತ್ರೆ ಒಂದೇ ಹೊಟ್ಟೆ ಸೇರಬಾರದು, ಒಂದು ಹನಿ ಮದ್ಯ ಇಲ್ಲದಿದ್ದರೂ.

ಸಾರ್ಬಿಟ್ರೇಟ್ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ರಕ್ತನಾಳ ಹಿಗ್ಗಿಸುತ್ತದೆ. ಹಿಗ್ಗಿದ ನಾಳ ಮತ್ತೆ ಬಿಗಿಯದಂತೆ ಆ ಇನ್ನೊಂದು ಮಾತ್ರೆ ತಡೆಯುತ್ತದೆ. ಎರಡೂ ಒಂದೇ ಹಾದಿಯಲ್ಲಿ ಒಂದರ ಹಿಂದೆ ಒಂದು ಕೆಲಸ ಮಾಡುವುದರಿಂದ ಬಿಪಿ ಒಮ್ಮೆಲೇ ಪಾತಾಳಕ್ಕೆ ಇಳಿದು ಸ್ಟೆಂಟ್ ಹಾಕಿದ ಹೃದಯಕ್ಕೇ ರಕ್ತ ಸಾಲದೆ ಹೋಗಬಹುದು. ಸಿಲ್ಡೆನಾಫಿಲ್ ತಗೊಂಡು ಕನಿಷ್ಠ 24 ಗಂಟೆ, ಟಡಲಾಫಿಲ್ ತಗೊಂಡು 48 ಗಂಟೆ ಕಳೆಯುವವರೆಗೆ ಸಾರ್ಬಿಟ್ರೇಟ್ ಸೇರಿದ ನೈಟ್ರೇಟ್ ಗುಂಪಿನ ಔಷಧಿ ಕೊಡುವಂತಿಲ್ಲ. ನೈಟ್ರೋಗ್ಲಿಸರಿನ್ ಸ್ಪ್ರೇ, ಐಸೋಸಾರ್ಬೈಡ್ ಮಾತ್ರೆ ಎಲ್ಲವೂ ಇದೇ ಗುಂಪು. ನಿಕೊರಾಂಡಿಲ್ ಎಂಬುದೂ ಹಾಗೇ. ಹೃದಯದ ಮಾತ್ರೆಗಳ ಡಬ್ಬಿಯಲ್ಲಿ ಅದು ಇದೆಯಾ ನೋಡಿ.

ಮದ್ಯ ಇಲ್ಲಿ ಇನ್ನೊಂದು ರೀತಿಯಲ್ಲಿ ಕೆಡಿಸುತ್ತದೆ. ಅಮಲಿನಲ್ಲಿದ್ದವರಿಗೆ ಏನು ನುಂಗಿದೆ, ಎಷ್ಟು ಹೊತ್ತಿಗೆ ನುಂಗಿದೆ ನೆನಪಿರುವುದಿಲ್ಲ. ಎದೆ ಹಿಡಿದಾಗ ಕೈ ಅಭ್ಯಾಸಬಲದಿಂದ ಅಂಗಿ ಜೇಬಿಗೆ ಹೋಗುತ್ತದೆ. ಅವರ ಕೈ ಹೋಗದಿದ್ದರೆ ಪಕ್ಕದ ಮನೆಯವರದ್ದು ಹೋಗುತ್ತದೆ. ನಮ್ಮ ಕಡೆ ಯಾರಾದರೂ ಎದೆ ಹಿಡಿದುಕೊಂಡು ಕೂತರೆ ಸಾಕು, ಬೀದಿಯಲ್ಲಿ ಒಬ್ಬರ ಹತ್ತಿರವಾದರೂ ಸಾರ್ಬಿಟ್ರೇಟ್ ಇರುತ್ತದೆ, ಪ್ರೀತಿಯಿಂದಲೇ ತಂದು ನಾಲಿಗೆ ಕೆಳಗೆ ಇಡುತ್ತಾರೆ. ಆ ಪ್ರೀತಿಗೆ ಪ್ಯಾಂಟ್ ಜೇಬಿನ ಕಥೆ ಗೊತ್ತಿರುವುದಿಲ್ಲ. ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಮಾಡುತ್ತಿದ್ದ ಕಾಲದಲ್ಲಿ ಎದೆನೋವಿನ ಗಂಡಸರನ್ನೆಲ್ಲ ‘ಆ ಮಾತ್ರೆ ತಗೊಂಡಿದ್ದೀರಾ’ ಅಂತ ಕೇಳಲೇಬೇಕಿತ್ತು. ಸುತ್ತ ಮಗ, ಸೊಸೆ, ಅಳಿಯ ನಿಂತಿರುವಾಗ ಹೌದು ಅಂದವರು ನನಗೆ ಸಿಕ್ಕಿದ್ದು ಕಡಿಮೆ. ಎಲ್ಲರನ್ನೂ ಆಚೆ ಕಳಿಸಿ, ಪರದೆ ಎಳೆದು, ಮತ್ತೊಮ್ಮೆ ಕೇಳಿದರೆ ಉತ್ತರ ಬದಲಾಗುತ್ತಿತ್ತು.

ಈಗ ನೀವು ಮಾಡಬೇಕಾದ್ದು. ಅವರು ಕುಡಿದಿಲ್ಲದ ಹೊತ್ತಿನಲ್ಲಿ, ಇಬ್ಬರೇ ಇರುವಾಗ, ಸಿಕ್ಕ ಸ್ಟ್ರಿಪ್ಪನ್ನು ಮುಂದಿಟ್ಟು ನೇರ ಮಾತಾಡಿ. ‘ಇದನ್ನು ಯಾಕೆ ತಗೊಂಡಿರಿ’ ಅಂತ ಶುರು ಮಾಡಬೇಡಿ, ‘ಸಾರ್ಬಿಟ್ರೇಟ್ ಜೊತೆ ಇದು ಆಗಲ್ಲವಂತೆ’ ಅಂತ ಶುರು ಮಾಡಿ. ಈ ಪುಟವನ್ನೇ ಕೊಟ್ಟರೂ ಆಯಿತು. ಆಮೇಲೆ ಅವರ ಹೃದಯದ ಡಾಕ್ಟರ ಹತ್ತಿರ ಹೋಗಿ. ಸ್ಟೆಂಟ್ ಹಾಕಿದವರಿಗೆಲ್ಲ ಈ ಸುಖ ನಿಷಿದ್ಧ ಅಂತ ಯಾರೂ ಹೇಳುವುದಿಲ್ಲ. ಎರಡು ಮಹಡಿ ಮೆಟ್ಟಿಲು ಹತ್ತಿದರೂ ಎದೆ ಹಿಡಿಯದಿದ್ದರೆ, ನೈಟ್ರೇಟ್ ಗುಂಪಿನ ಔಷಧಿ ಬೇಕಿಲ್ಲ ಅಂತ ಡಾಕ್ಟರಿಗೆ ಅನ್ನಿಸಿದರೆ, ದಾರಿ ಇದೆ. ದಾರಿ ತೋರಿಸಬೇಕಾದವರು ಮಾತ್ರ ಅವರು.

ಮಾತು ಆಗುವ ಮೊದಲೇ ಒಂದು ರಾತ್ರಿ ಎದೆನೋವು ಬಂದರೆ ಸಾರ್ಬಿಟ್ರೇಟ್ ಇಡಬೇಡಿ. 108ಕ್ಕೆ ಫೋನ್ ಮಾಡಿ. ಬಂದವರಿಗೆ ಮಾತ್ರೆಯ ಹೆಸರು, ತಗೊಂಡ ಹೊತ್ತು, ಕುಡಿದಿದ್ದರೆ ಅದನ್ನೂ ಹೇಳಿ, ಗೊತ್ತಿಲ್ಲದಿದ್ದರೆ ಸ್ಟ್ರಿಪ್ಪನ್ನೇ ಕೈಗೆ ಕೊಡಿ. ಬೇರೆ ಔಷಧಿಗಳು ಆಸ್ಪತ್ರೆಯಲ್ಲಿವೆ. ಎದೆನೋವಿಲ್ಲದೆ ತಲೆ ತಿರುಗಿ ಬಿದ್ದರೆ ಎತ್ತಿ ಕೂರಿಸಬೇಡಿ, ನೆಲದ ಮೇಲೇ ಮಲಗಿಸಿ ಕಾಲಡಿಗೆ ಎರಡು ದಿಂಬು ಇಡಿ. ಕುಡಿದು ಪ್ರಜ್ಞೆ ತಪ್ಪಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಶ್ವಾಸನಾಳಕ್ಕೆ ಹೋಗದಿರಲಿ. ಬಾಯಿಗೆ ನಿಂಬೆರಸ, ಮಜ್ಜಿಗೆ, ಏನನ್ನೂ ಹಾಕಬೇಡಿ.

ಪ್ರಶ್ನೆ: ನಾನು ಇಂಗ್ಲಿಷ್ ಮಾತ್ರೆ ಮುಟ್ಟುವುದಿಲ್ಲ. ಗಿಡಮೂಲಿಕೆಯ ಪವರ್ ಕ್ಯಾಪ್ಸೂಲ್ ಆನ್‌ಲೈನಿನಲ್ಲಿ ತರಿಸುತ್ತೇನೆ, ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತದೆ. ಇದರ ಜೊತೆ ಕುಡಿಯಬಹುದಲ್ಲವೇ? — ಹುಬ್ಬಳ್ಳಿ

ಉತ್ತರ: ಅರ್ಧ ಗಂಟೆಯಲ್ಲಿ ಕೆಲಸ ಮಾಡುವ ಬೇರು ನನಗಂತೂ ಗೊತ್ತಿಲ್ಲ. ಇಂಥ ‘ನೈಸರ್ಗಿಕ’ ಕ್ಯಾಪ್ಸೂಲುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಒಳಗೆ ಸಿಲ್ಡೆನಾಫಿಲ್, ಟಡಲಾಫಿಲ್ ಸಿಕ್ಕ ಉದಾಹರಣೆಗಳು ದೇಶವಿದೇಶಗಳಲ್ಲಿ ಬೇಕಾದಷ್ಟಿವೆ. ಅಮೆರಿಕದ ಎಫ್‌ಡಿಎ ಇಂಥವುಗಳ ಬಗ್ಗೆ ಪದೇ ಪದೇ ಎಚ್ಚರಿಕೆ ಹೊರಡಿಸಿದೆ. ಲೇಬಲ್ಲಿನಲ್ಲಿ ಬರೆಯದ ಔಷಧಿ ಎಷ್ಟು ಮಿಲಿಗ್ರಾಂ ಇದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕುಡಿಯದಿದ್ದರೂ ಅದನ್ನು ಎಸೆಯಿರಿ.

ಪ್ರಶ್ನೆ: ನನಗೆ 44. ಎರಡು ಪೆಗ್ ಬೀಳದೆ ಧೈರ್ಯವೇ ಬರುವುದಿಲ್ಲ. ಹೊರಗೆ ಬಿರಿಯಾನಿ, ಕಬಾಬ್ ತಿಂದು ಮೂರ್ನಾಲ್ಕು ಪೆಗ್ ಹಾಕಿ ಬಂದು ಸಿಲ್ಡೆನಾಫಿಲ್ 100 ತಗೊಂಡರೂ ಈಗೀಗ ಏನೂ ಆಗುತ್ತಿಲ್ಲ. ಎರಡು ತಗೊಳ್ಳಬಹುದಾ? ಮತ್ತೆ, ಕುಡಿದು ಎಷ್ಟು ಹೊತ್ತಾದ ಮೇಲೆ ತಗೊಂಡರೆ ಸೇಫ್? — ಹೆಸರು, ಊರು ಬೇಡ

ಉತ್ತರ: ಎರಡು ಬೇಡ. ದಿನಕ್ಕೆ 100 ಮಿಲಿಗ್ರಾಮೇ ಮೇಲ್ಮಿತಿ. ಅದರಾಚೆ ಫಲ ಹೆಚ್ಚುವುದಿಲ್ಲ, ತಲೆನೋವು, ಕಣ್ಣು ಮಂಜಾಗುವುದು, ಬಿಪಿ ಇಳಿಯುವುದು ಹೆಚ್ಚುತ್ತದೆ. ನಾಲ್ಕು ಗಂಟೆ ಕಳೆದರೂ ನಿಮಿರುವಿಕೆ ಇಳಿಯದಿದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಓಡಬೇಕು, ತಡವಾದರೆ ಒಳಗಿನ ಅಂಗಾಂಶ ಶಾಶ್ವತವಾಗಿ ಹಾಳಾಗುತ್ತದೆ. ಕುಡಿದು ನಿದ್ದೆ ಹೋದವನಿಗೆ ಆ ನಾಲ್ಕು ಗಂಟೆ ಕಳೆದದ್ದೇ ತಿಳಿಯದಿರಬಹುದು.

ಮಾತ್ರೆ ಕೆಲಸ ಮಾಡದಿರುವುದಕ್ಕೆ ಕಾರಣಗಳನ್ನು ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ. ಬಿರಿಯಾನಿ, ಕಬಾಬಿನಂಥ ಜಿಡ್ಡಿನ ಊಟದ ಮೇಲೆ ಸಿಲ್ಡೆನಾಫಿಲ್ ರಕ್ತಕ್ಕೆ ಸೇರುವುದು ಸುಮಾರು ಒಂದು ಗಂಟೆ ತಡವಾಗುತ್ತದೆ. ಮಾತ್ರೆ ತಾನಾಗಿ ಆಸೆ ಹುಟ್ಟಿಸುವುದಿಲ್ಲ. ಮಿದುಳಿನಿಂದ ನರದ ಮೂಲಕ ಸಂದೇಶ ಬಂದರೆ ಮಾತ್ರ ಅದಕ್ಕೆ ಕೆಲಸ, ಮೂರ್ನಾಲ್ಕು ಪೆಗ್ ಆ ಸಂದೇಶವನ್ನೇ ಮಂಕು ಮಾಡುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ನರಗಳು ಕೆಡುತ್ತವೆ, ಲಿವರ್ ಕೆಡುತ್ತದೆ, ಟೆಸ್ಟೋಸ್ಟಿರೋನ್ ಇಳಿಯುತ್ತದೆ. ನೀವು ಧೈರ್ಯಕ್ಕೆ ಅಂತ ಹಾಕುತ್ತಿರುವುದೇ ತೊಂದರೆಯ ಮೂಲ ಇರಬಹುದು. ಒಂದು ತಿಂಗಳು ಕುಡಿತ ನಿಲ್ಲಿಸಿ ನೋಡಿ. ದಿನಾ ಕುಡಿಯುವವರಾಗಿದ್ದು, ಬಿಟ್ಟರೆ ಕೈ ನಡುಗುತ್ತದೆ ಅನ್ನುವಂತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರ ಸಹಾಯ ತಗೊಂಡು ನಿಲ್ಲಿಸಿ. ಇನ್ನೊಂದು ಮಾತು: ಶಿಶ್ನದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು, ಕೊಬ್ಬು ಕಟ್ಟಿದರೆ ಮೊದಲು ತೊಂದರೆ ತೋರಿಸುವುದು ಅದೇ. ಆದ್ದರಿಂದ ಶುಗರ್, ಕೊಲೆಸ್ಟ್ರಾಲ್, ಬಿಪಿ ಮತ್ತು ಬೆಳಗಿನ ಹೊತ್ತಿನ ಟೆಸ್ಟೋಸ್ಟಿರೋನ್ ಪರೀಕ್ಷೆ ಈ ವಾರವೇ ಆಗಲಿ. ಬೀಡಿ, ಸಿಗರೇಟಿನ ಮಾತು ಬರೆದಿಲ್ಲ. ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಎಷ್ಟು ಹೊತ್ತಾದ ಮೇಲೆ ಎಂಬುದಕ್ಕೆ: 30 ಮಿಲಿಯ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, ಅದನ್ನು ಕರಗಿಸಲು ಲಿವರಿಗೆ ಒಂದು ಗಂಟೆಯ ಮೇಲೆ ಬೇಕು. ಅದು ಸಾಧಾರಣ ಲೆಕ್ಕ, ಲಿವರ್ ಸೊರಗಿದವರಿಗೆ ಇನ್ನೂ ನಿಧಾನ. ಕಾಫಿ, ತಣ್ಣೀರು ಸ್ನಾನ, ಮೊಸರು ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದವರ ರಕ್ತದಲ್ಲಿ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೂ ಒಂದಿಷ್ಟು ಉಳಿದಿರುತ್ತದೆ. ನಿಮ್ಮ ಮೂರ್ನಾಲ್ಕು ಪೆಗ್ 60 ಮಿಲಿಯ ದೊಡ್ಡ ಪೆಗ್ ಆಗಿದ್ದರೆ ಆ ರಾತ್ರಿ ಮಾತ್ರೆಯ ಮಾತೇ ಬೇಡ.